ಬೆಳ್ಳಿಯ ಬೆಳಕಿನಲ್ಲಿ ವಂಶವಾಹಿಯ ತಪ್ಪು

ಬೆಳ್ಳಿಗೂ ಬೆಳಕಿಗೂ ಹಳೆಯ ನಂಟು. 1839ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಉಪ್ಪುನೀರಿನಲ್ಲಿ ಅದ್ದಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಸವರಿ ಚಿತ್ರ ಮೂಡಿಸುವ ವಿಧಾನವನ್ನು ಪ್ರಕಟಿಸಿದರು. ಬೆಳಕು ತಾಗಿದಲ್ಲಿ ಕಾಗದ ಕಪ್ಪಾಗುತ್ತಿತ್ತು. 165 ವರ್ಷಗಳ ನಂತರ ಅದೇ ಬೆಳ್ಳಿ ಡಿಎನ್‌ಎಯ ಆಸರೆಯಲ್ಲಿ ತಾನೇ ಬೆಳಗಿತು.

ಬೆಳ್ಳಿಯ ಲೋಟ ಹೊಳೆಯುವುದು ಮೇಲೆ ಬಿದ್ದ ಬೆಳಕು ಪ್ರತಿಫಲಿಸುವುದರಿಂದ. ಆದರೆ ಕೆಲವೇ ಪರಮಾಣುಗಳ ಗುಂಪಾದಾಗ ಬೆಳ್ಳಿ ಲೋಹದ ಸ್ವಭಾವ ಬಿಟ್ಟು ಅಣುವಿನಂತೆ ವರ್ತಿಸುತ್ತದೆ. ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣವನ್ನು ಹೊರಸೂಸುತ್ತದೆ. ತೊಡಕೆಂದರೆ, ಇಂತಹ ಗುಂಪುಗಳು ನೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ. ಆಗ ಬೆಳಕು ಆರಿಹೋಗುತ್ತದೆ.

2004ರಲ್ಲಿ ಅಮೆರಿಕದ ಜೆಫ್ರಿ ಪೆಟ್ಟಿ, ರಾಬರ್ಟ್ ಡಿಕ್ಸನ್ ಮತ್ತು ಸಂಗಡಿಗರು ಇದಕ್ಕೆ ಉಪಾಯ ಕಂಡರು. ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ 'ಸಿ', ಅಂದರೆ ಸೈಟೊಸಿನ್, ಬೆಳ್ಳಿಯ ಅಯಾನುಗಳನ್ನು ಬಿಗಿಯಾಗಿ ಹಿಡಿಯುತ್ತದೆ. 12 ಅಕ್ಷರಗಳ ಒಂಟಿ ಎಳೆಗೆ ಬೆಳ್ಳಿಯ ಲವಣ ಬೆರೆಸಿ ಸೋಡಿಯಂ ಬೋರೋಹೈಡ್ರೈಡ್ ಸೇರಿಸಿದಾಗ, ಬೆಳಗುವ ಗುಂಪುಗಳು ಎಳೆಯ ಮೇಲೆಯೇ ಕೂಡಿಕೊಂಡವು.

ಅಕ್ಷರಗಳ ಜೋಡಣೆ ಬದಲಾದರೆ ಬೆಳಕೂ ಬದಲಾಗುತ್ತದೆ. ರೋಗಪತ್ತೆಗೆ ಇದೇ ವರವಾಯಿತು. ಸಿಕಲ್ ಸೆಲ್ ರಕ್ತಹೀನತೆಗೆ ಮೂಲ, ವಂಶವಾಹಿಯಲ್ಲಿ 'ಎ' ಇರಬೇಕಾದ ಒಂದು ಜಾಗದಲ್ಲಿ 'ಟಿ' ಇರುವುದು. 2010ರಲ್ಲಿ ಚೀನಾದ ಸಂಶೋಧಕರು ಈ ಒಂದಕ್ಷರದ ತಪ್ಪನ್ನು ಬೆಳ್ಳಿಯ ಬೆಳಕಿನಿಂದ ಗುರುತಿಸಿದರು.

ಅದೇ ವರ್ಷ, ಹಿಂದೆ ಅಣುಬಾಂಬ್ ರೂಪುಗೊಂಡಿದ್ದ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿ ಒಂದು ಎಳೆಗೆ ಬೆಳಗದ ಬೆಳ್ಳಿಯನ್ನು ಕೂರಿಸಿ, ಇನ್ನೊಂದರಲ್ಲಿ 'ಜಿ' ಅಕ್ಷರಗಳನ್ನು ತುಂಬಿದ್ದರು. ಹುಡುಕುತ್ತಿರುವ ವಂಶವಾಹಿ ಸಿಕ್ಕರೆ ಎರಡೂ ಎಳೆಗಳು ಅದರ ಮೇಲೆ ಅಕ್ಕಪಕ್ಕ ಕೂರುತ್ತವೆ. 'ಜಿ'ಗಳ ನೆರೆ ಸಿಕ್ಕೊಡನೆ ಬೆಳ್ಳಿಯ ಕೆಂಪು ಬೆಳಕು ಸುಮಾರು 500 ಪಟ್ಟು ಹೆಚ್ಚುತ್ತದೆ. ಅಂಟದೆ ಉಳಿದ ಎಳೆಗಳನ್ನು ತೊಳೆದು ತೆಗೆಯುವ ಗೋಜಿಲ್ಲ.

ಈ ಗುಂಪಿನ ಆಕಾರ ಮಾತ್ರ ಬಹುಕಾಲ ನಿಗೂಢವಾಗಿತ್ತು. 2019ರಲ್ಲಿ ಪ್ರಕಟವಾದ ಸ್ಫಟಿಕ ಅಧ್ಯಯನವೊಂದು, ಹತ್ತು ಹತ್ತು ಅಕ್ಷರಗಳ ಎರಡು ಎಳೆಗಳ ನಡುವೆ 16 ಬೆಳ್ಳಿ ಪರಮಾಣುಗಳು ಕೂತಿರುವುದನ್ನು ತೋರಿಸಿತು.

ಆದರೂ ಪ್ರಯೋಗಾಲಯದ ಶುದ್ಧ ದ್ರಾವಣ ಬೇರೆ, ರೋಗಿಯ ರಕ್ತ ಬೇರೆ. ರಕ್ತದಲ್ಲಿ ಉಪ್ಪಿದೆ; ಉಪ್ಪಿನ ಕ್ಲೋರೈಡ್ ಬೆಳ್ಳಿಯನ್ನು ತನ್ನತ್ತ ಸೆಳೆಯುತ್ತದೆ. ಟಾಲ್ಬಟ್‌ಗೆ ಚಿತ್ರ ಕೊಟ್ಟ ಉಪ್ಪೇ ಇಲ್ಲಿ ಅಡ್ಡಿ. ಅದನ್ನು ದಾಟಿದಾಗಲೇ ಬೆಳ್ಳಿಯ ಬೆಳಕು ರೋಗಿಯ ಹಾಸಿಗೆಯ ತನಕ ತಲುಪೀತು.