ಮೀಸಲು ಸಿಗ್ನಲ್ ಮತ್ತು ಅದನ್ನು ಆಯುವ ಸ್ವಿಚ್: ಟೆಲಿವಿಷನ್ ಪ್ರಸಾರದ ಭದ್ರತೆಯ ಮರುಪರಿಶೀಲನೆ

ಮುಖ್ಯ ಸಿಗ್ನಲ್ ಕೈಕೊಟ್ಟಾಗ ಮೀಸಲು ಸಿಗ್ನಲ್ಲಿಗೆ ತಾನಾಗಿ ಹೊರಳುವ ಚೇಂಜ್‌ಓವರ್ ಸ್ವಿಚ್ಚನ್ನು ವೇಗದಿಂದ ಅಳೆಯುವುದು ರೂಢಿ. ಸೆಕೆಂಡಿಗೆ 25 ಫ್ರೇಮ್‌ಗಳ ಪದ್ಧತಿಯಲ್ಲಿ ಒಂದು ಫ್ರೇಮಿನ ಆಯುಸ್ಸು 40 ಮಿಲಿಸೆಕೆಂಡು. ಎರಡೂ ಸಿಗ್ನಲ್‌ಗಳು ಒಂದೇ ತಾಳದಲ್ಲಿದ್ದರೆ ಫ್ರೇಮ್‌ಗಳ ನಡುವಿನ ಬಿಡುವಿನಲ್ಲೇ ಕೆಲಸ ಮುಗಿದು, ನೋಡುಗರ ಕಣ್ಣಿಗೆ ಏನೂ ಬೀಳದು. ವೇಗದ ಸಮಸ್ಯೆ ಹೀಗೆ ಬಹುಮಟ್ಟಿಗೆ ಬಗೆಹರಿದಿರುವಾಗ, ಭದ್ರತೆಯನ್ನು ನಿರ್ಧರಿಸುವುದು ಸ್ವಿಚ್ಚಿನ ತೀರ್ಮಾನಶಕ್ತಿ ಮತ್ತು ಎರಡು ದಾರಿಗಳ ಪರಸ್ಪರ ಸ್ವಾತಂತ್ರ್ಯ ಎಂಬುದು ಈ ಲೇಖನದ ವಾದ. ಒಂದು ದಾರಿ ಶೇ. 99.9ರಷ್ಟು ಕಾಲ ಸರಿಯಾಗಿದ್ದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಪ್ರಸಾರ ನಿಲ್ಲುತ್ತದೆ. ಅಂಥ ಎರಡು ದಾರಿಗಳಿದ್ದು, ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲದಿದ್ದರೆ, ಈ ನಷ್ಟ ಸುಮಾರು 32 ಸೆಕೆಂಡಿಗೆ ಇಳಿಯುತ್ತದೆ. ಆದರೆ ಎರಡೂ ಸ್ವಿಚ್ಚಿನ ಮೂಲಕವೇ ಹೊರಹೋಗಬೇಕು. ಅದೇ ಶೇ. 99.99ರಷ್ಟು ಮಾತ್ರ ನಂಬಿಕಸ್ಥವಾಗಿದ್ದರೆ ವರ್ಷಕ್ಕೆ 52 ನಿಮಿಷ ಹೋಯಿತು! ಕಾವಲಿಗೆ ಇಟ್ಟದ್ದೇ ಅತಿ ದುರ್ಬಲ ಕೊಂಡಿಯಾಗುತ್ತದೆ. ವಿದ್ಯುತ್ ಹೋದರೂ ಸಿಗ್ನಲ್ಲನ್ನು ನೇರ ದಾಟಿಸುವ ಬೈಪಾಸ್ ರಿಲೇಯನ್ನು ಅಳವಡಿಸುವುದು ಇದಕ್ಕಾಗಿಯೇ.

ರಿಲೇ ತಪ್ಪು ತೀರ್ಮಾನವನ್ನು ತಡೆಯಲಾರದು. ಸಿಗ್ನಲ್ ಪೂರ್ತಿ ಕಡಿದುಹೋದರೆ ಗುರುತಿಸುವುದು ಸುಲಭ. ಸಿಗ್ನಲ್ ಇದ್ದೂ ಪರದೆ ಕಪ್ಪಾದರೆ, ಚಿತ್ರ ನಿಂತರೆ, ಧ್ವನಿ ಅಡಗಿದರೆ ತೊಡಕು ಶುರು. ಬ್ರಿಟನ್ನಿನಲ್ಲಿ ಯುದ್ಧಸ್ಮರಣೆಯ ಎರಡು ನಿಮಿಷಗಳ ಮೌನ ನೇರ ಪ್ರಸಾರವಾಗುತ್ತದೆ. 30 ಸೆಕೆಂಡಿನ ಮಿತಿ ಇಟ್ಟ ಮೌನಪತ್ತೆ ಯಂತ್ರಕ್ಕೆ ಅದು ಕೇಡೇ. ಮಿತಿಯನ್ನು ಹಿಗ್ಗಿಸಿದರೆ ನಿಜವಾದ ಕೇಡು ಅಷ್ಟು ಹೊತ್ತು ಮನೆಮನೆಗೆ ತಲುಪುತ್ತದೆ. ಹಾಗಿದ್ದರೆ ಕೆಲಸವನ್ನು ಮನುಷ್ಯರಿಗೇ ಬಿಡಬಾರದೇಕೆ ಎಂದು ಕೇಳಬಹುದು. ಒಬ್ಬರೇ ಹಲವು ವಾಹಿನಿಗಳ ಮೇಲೆ ಕಣ್ಣಿಡುವ ಇಂದಿನ ಪ್ಲೇಔಟ್ ಕೇಂದ್ರಗಳಲ್ಲಿ ಅದು ಸಾಗದ ಮಾತು. ಆದರೆ ಮುಖ್ಯ ಸಿಗ್ನಲ್ಲಿಗೆ ಮರಳುವ ನಿರ್ಧಾರವನ್ನು ಮಾತ್ರ ಅವರ ಕೈಯಲ್ಲೇ ಇಡಬೇಕು. ಇಲ್ಲವಾದರೆ ಬಂದುಹೋಗುವ ದೋಷಕ್ಕೆ ಸ್ವಿಚ್ ಅತ್ತಿಂದಿತ್ತ ಹೊರಳಾಡತೊಡಗುತ್ತದೆ.

ದಾರಿಗಳ ಸ್ವಾತಂತ್ರ್ಯದ ಮಾತಿಗೆ 2021ರ ಸೆಪ್ಟೆಂಬರ್ 25ರ ಲಂಡನ್ ಘಟನೆ ಸಾಕ್ಷಿ. ರೆಡ್ ಬೀ ಮೀಡಿಯಾದ ಪ್ರಸಾರ ಕೇಂದ್ರದಲ್ಲಿ ಅಗ್ನಿಶಾಮಕ ಅನಿಲ ಹೊಮ್ಮಿದಾಗ ಎದ್ದ ಶಬ್ದತರಂಗಕ್ಕೆ ಸರ್ವರ್‌ಗಳ ಹಾರ್ಡ್ ಡಿಸ್ಕುಗಳು ಹಾಳಾದವು. ಅಲ್ಲಿಂದ ಪ್ರಸಾರವಾಗುತ್ತಿದ್ದ ಚಾನೆಲ್ 4 ವಾಹಿನಿಯ ಚಿತ್ರ ತುರ್ತು ವ್ಯವಸ್ಥೆಯಿಂದ ಮರಳಿತು. ಅಡಿಬರಹದ ಮೀಸಲು ವ್ಯವಸ್ಥೆಯೂ ಕುಸಿದಿದ್ದರಿಂದ ಹೊಸದನ್ನೇ ಕಟ್ಟಬೇಕಾಯಿತು. ಕಿವಿ ಕೇಳದ ವೀಕ್ಷಕರು ವಾರಗಟ್ಟಲೆ ಕಾದರು. ಆ ವರ್ಷ ಫ್ರೀಸ್ಯಾಟ್ ಉಪಗ್ರಹ ಸೇವೆಯಲ್ಲಿ ಶೇ. 90ರ ಅಡಿಬರಹದ ಷರತ್ತನ್ನು ವಾಹಿನಿ ಮುರಿದಿದೆ ಎಂದು ನಿಯಂತ್ರಕ ಆಫ್‌ಕಾಮ್ 2022ರಲ್ಲಿ ತೀರ್ಪಿತ್ತಿತು. ಚಿತ್ರ ಬಂದರೆ ಪ್ರಸಾರ ಬಂದಂತೆ ಎಂಬ ಎಣಿಕೆ ಎಷ್ಟು ಅಪೂರ್ಣ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಎಸ್‌ಎಂಪಿಟಿಇ 2022-7 ಮಾನಕ ಬಂದ ಮೇಲೆ ಸ್ವಿಚ್ಚಿನ ಚರ್ಚೆಯೇ ಹಳತಾಯಿತು ಎಂಬ ಆಕ್ಷೇಪಕ್ಕೆ ತೂಕವಿದೆ. ಅದರಲ್ಲಿ ಒಂದೇ ಪ್ಯಾಕೆಟ್ ಎರಡು ಜಾಲಗಳಲ್ಲಿ ಸಾಗುತ್ತದೆ. ಒಂದರಲ್ಲಿ ಕಳೆದುಹೋದದ್ದನ್ನು ಗ್ರಾಹಕಯಂತ್ರ ಇನ್ನೊಂದರಿಂದ ತುಂಬಿಕೊಳ್ಳುತ್ತದೆ. ಜಾಲದ ಕೇಡಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಾಣೆ. ಆದರೆ ಎರಡೂ ಹರಿವುಗಳು ಒಂದೇ ಮೂಲದ ಪ್ರತಿಗಳು. ಮೂಲವೇ ಕಪ್ಪಾದರೆ ಎರಡರಲ್ಲೂ ಬರುವುದು ಅದೇ ಕಪ್ಪು. ಆದ್ದರಿಂದ ಇಂಥ ಉಪಕರಣಕ್ಕೆ ಟೆಂಡರ್ ಕರೆಯುವವರು ಹೊರಳುವ ವೇಗದ ಜತೆಗೆ, ತಪ್ಪು ಹೊರಳುವಿಕೆಯ ಪರೀಕ್ಷೆಯನ್ನೂ ಅಡಿಬರಹ ಮತ್ತು ಧ್ವನಿಯ ಮೀಸಲನ್ನೂ ಷರತ್ತಾಗಿ ಬರೆಯಬೇಕು.