ಕೊಳ್ಳೇಗಾಲಕ್ಕೆ ಕೊಯಮತ್ತೂರು ಎಷ್ಟು ದೂರ?

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಿಂದ ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣಕ್ಕೆ ನೇರ ದೂರ ಸುಮಾರು 350 ಕಿ.ಮೀ. ನಡುವೆ ಸಮುದ್ರವಿದ್ದರೂ ಸವಾ ಗಂಟೆಯ ಪ್ರಯಾಣ ಅಷ್ಟೆ. ಆಕಾಶದಲ್ಲಿ ದೂರ ತಿಳಿದರೆ ವೇಳೆಯೂ ತಿಳಿದಂತೆಯೇ. ನೆಲದ ಮೇಲೆ ಈ ಲೆಕ್ಕ ನಡೆಯದು ಎಂಬುದಕ್ಕೆ ಕೊಳ್ಳೇಗಾಲದ ಚರಿತ್ರೆಯೇ ಸಾಕ್ಷಿ.

1799ರಲ್ಲಿ ಟಿಪ್ಪುವಿನ ಪತನದ ನಂತರ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಕೊಯಮತ್ತೂರಿಗೆ ಸೇರಿತು. ಮೂರು ಹರದಾರಿ ಆಚೆಗಿನ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ನೆರೆಹೊರೆಯ, ಒಂದೇ ನುಡಿಯ ಎರಡು ಊರುಗಳಿಗೆ ಎರಡು ಸರ್ಕಾರ!

ಕೊಳ್ಳೇಗಾಲದಿಂದ ಮೈಸೂರಿಗೆ ನೇರ ದೂರ ಐವತ್ತು ಕಿ.ಮೀ.ಗೆ ತುಸು ಹೆಚ್ಚು. ಕೊಯಮತ್ತೂರಿಗೆ ಸುಮಾರು 127. ವಿಮಾನಕ್ಕಾದರೆ ಅದೂ ಅರ್ಧ ಗಂಟೆಯೊಳಗಿನ ದಾರಿಯೇ. ಆದರೆ ಕಲೆಕ್ಟರರನ್ನು ಕಾಣಬೇಕಾದ ರೈತ ಹಾರಿ ಹೋಗುವಂತಿರಲಿಲ್ಲ. ಚಾಮರಾಜನಗರದ ಕಡೆಯಿಂದ ಬಳಸಿ, ಹಾಸನೂರಿನ ಕಾಡು ಹೊಕ್ಕು, ದಿಂಬಂ ಘಾಟಿಯಿಳಿದು ಸತ್ಯಮಂಗಲ ಸೇರಿ ಮುಂದೆ ಸಾಗಬೇಕು. ಈ ಹಾದಿ ನೂರು ಮೈಲಿ ದಾಟುತ್ತದೆ. ಎತ್ತಿನ ಗಾಡಿ ದಿನಕ್ಕೆ ಐದಾರು ಹರದಾರಿ ಸಾಗಿದರೆ ಅದೇ ಹೆಚ್ಚು. ಹೋಗುವುದಕ್ಕೇ ಒಂದು ವಾರ. ಒಂದು ಅರ್ಜಿಯ ನಿಜವಾದ ಖರ್ಚು ಛಾಪಾ ಕಾಗದದ್ದಲ್ಲ, ದಾರಿಯದು.

ಇನ್ನೊಂದು ಹಾದಿ ಹನೂರಿನ ಮೇಲಿತ್ತು. ಕಂಪನಿಯ ಪರವಾಗಿ ಸೀಮೆ ನೋಡಲು ಬಂದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಹನೂರು, ಕೌದಳ್ಳಿಗಳನ್ನು ಹಾದು ಕಾವೇರಿಪುರದ ಘಾಟಿಯಿಳಿದ. ದಿನಕ್ಕೊಂದು ಬಿಡಾರದಂತೆ ನಡೆದ ಆತನ ದಿನಚರಿಯಲ್ಲಿ ದೂರವನ್ನು ಲೆಕ್ಕಿಸುವ ಸಹಜ ಮಾನವೆಂದರೆ ದಿನವೇ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಹರಕೆಯವರ ಲೆಕ್ಕವೂ ಅದೇ ಅಲ್ಲವೆ?

ರೈಲು ಬಂದರೂ ಬೆಟ್ಟ ಸೋಲಲಿಲ್ಲ. ನಂಜನಗೂಡಿನಿಂದ ಹೊರಟ ಹಳಿ 1926ರಲ್ಲಿ ಚಾಮರಾಜನಗರ ಮುಟ್ಟಿ ಅಲ್ಲಿಗೇ ನಿಂತಿತು. ಮದ್ರಾಸ್ ಪ್ರಾಂತ್ಯದ ರೇಷ್ಮೆ ಕೃಷಿಗೆ ಮುಖ್ಯ ನೆಲೆಯಾಗಿದ್ದ ಕೊಳ್ಳೇಗಾಲಕ್ಕಂತೂ ರೈಲು ಬರಲೇ ಇಲ್ಲ.

1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ, ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಆಗ ಅದರೊಳಗೇ ಇದ್ದ ಹನೂರೂ ಜೊತೆಗೆ ಬಂತು. ಯಾವ ಬೆಟ್ಟವೂ ಕರಗದೆ, ಯಾವ ಹೊಸ ರಸ್ತೆಯೂ ಆಗದೆ, ಒಂದೇ ದಿನದಲ್ಲಿ ಜಿಲ್ಲಾ ಕಚೇರಿ ಅರ್ಧಕ್ಕಿಂತ ಹತ್ತಿರವಾಯಿತು. 157 ವರ್ಷ ಗಾಡಿ ಹೂಡಿದವರಿಗೆ ಇದು ಸಣ್ಣ ಮಾತಲ್ಲ. 1997ರಲ್ಲಿ ಚಾಮರಾಜನಗರವೇ ಜಿಲ್ಲೆಯಾದಾಗ ಅದು ಇನ್ನಷ್ಟು ಸಮೀಪಿಸಿತು. ಯಳಂದೂರೂ ಕೊಳ್ಳೇಗಾಲವೂ ಅದೇ ಜಿಲ್ಲೆಗೆ ಸೇರಿದವು.

ದಿಂಬಂ ಮಾತ್ರ ಇದ್ದಲ್ಲೇ ಇದೆ, ತನ್ನ 27 ಕಡಿದಾದ ತಿರುವುಗಳೊಂದಿಗೆ. ವನ್ಯಜೀವಿಗಳ ರಕ್ಷಣೆಗಾಗಿ 2022ರಲ್ಲಿ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಸಂಜೆ ತಡವಾಗಿ ಘಾಟಿ ಮುಟ್ಟಿದ ಲಾರಿಗೆ ಬೆಳಗಿನವರೆಗೆ ಅಲ್ಲೇ ಬಿಡಾರ.