ಬೇಕಾಗಿದ್ದಾರೆ: ಗಂಡಸರು

ಪೇಪರಿನ ‘ಬೇಕಾಗಿದ್ದಾರೆ’ ಕಾಲಂ ನೋಡಿಕೊಂಡೇ ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಪೀಳಿಗೆ ನಮ್ಮದು. ಟೈಪಿಸ್ಟ್ ಬೇಕು, ಅಕೌಂಟೆಂಟ್ ಬೇಕು, ಹೋಟೆಲಿಗೆ ಮ್ಯಾನೇಜರ್ ಬೇಕು... 1991ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂದ ಒಂದು ಜಾಹೀರಾತು ಮಾತ್ರ ಬೇರೆಯೇ ಥರದ್ದು. ಕೊಟ್ಟವರು ಸಿ.ವೈ. ಗೋಪಿನಾಥ್ ಎಂಬ ಪತ್ರಕರ್ತರು. ಹೆಂಡತಿ ಅಂದರೆ ಹೊಡೆಯಲಿಕ್ಕೆ ಇರುವವಳಲ್ಲ ಎಂದು ನಂಬುವ ಗಂಡಸರು ಬೇಕಾಗಿದ್ದಾರೆ ಅನ್ನುವುದು ಅದರ ಸಾರಾಂಶ. 205 ಮಂದಿ ಗಂಡಸರು ಉತ್ತರ ಬರೆದರು.

ಕೋಟಿ ಜನರ ಊರಿನ ಪೇಪರಿಗೆ 205 ಪತ್ರ ಹೆಚ್ಚೋ ಕಡಿಮೆಯೋ ನೀವೇ ಹೇಳಿ. ನನಗಂತೂ ಅದು ದೊಡ್ಡ ಸಂಖ್ಯೆ. ಯಾಕೆಂದರೆ ಬರೆಯದೆ ಉಳಿದವರಲ್ಲಿ ನಾನೂ ಒಬ್ಬ.

ಇದೇ ಊರಿನಲ್ಲಿ ಇದಕ್ಕೂ ನೂರು ವರ್ಷ ಹಿಂದೆ ನಡೆದದ್ದನ್ನು ಮೊದಲು ನೆನೆಯಬೇಕು. ರಖಮಾಬಾಯಿ ಎಂಬ ಹುಡುಗಿಗೆ 11ನೇ ವಯಸ್ಸಿನಲ್ಲಿ ಮದುವೆಯಾಗಿತ್ತು. ದೊಡ್ಡವಳಾದ ಮೇಲೆ ಆಕೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ಗಂಡ ದಾದಾಜಿ ಭಿಕಾಜಿ ಮುಂಬಯಿ ಹೈಕೋರ್ಟಿಗೆ ಹೋದ. ಕಳೆದುಹೋದ ಒಡವೆಯನ್ನು ವಾಪಸು ಕೊಡಿಸಿ ಅನ್ನುವ ಹಾಗೆ ಹೆಂಡತಿಯನ್ನು ಕೊಡಿಸಿ ಎಂಬ ದಾವೆ ಅದು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ರಖಮಾಬಾಯಿಯ ಪರ ತೀರ್ಪು ಕೊಟ್ಟರು. ಅಪೀಲಾಗಿ, 1887ರಲ್ಲಿ ಅದು ತಿರುಗುಮುರುಗಾಯಿತು: ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳ ಜೈಲು. ಜೈಲಿಗೇ ಹೋಗುತ್ತೇನೆ ಅಂದಳು ಆಕೆ. ಕಡೆಗೆ 1888ರಲ್ಲಿ ದಾದಾಜಿ ಎರಡು ಸಾವಿರ ರೂಪಾಯಿ ತೆಗೆದುಕೊಂಡು ರಾಜಿಯಾದ. ರಖಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದರು.

ಈ ಕಥೆಯಲ್ಲಿ ಹೊಡೆತವಿಲ್ಲ ಎಂಬುದನ್ನು ಗಮನಿಸಿ. ಅಲ್ಲಿದ್ದ ಪ್ರಶ್ನೆ ಒಂದೇ: ಒಬ್ಬ ಹೆಣ್ಣುಮಗಳು ಎಲ್ಲಿರಬೇಕು ಎಂದು ತೀರ್ಮಾನಿಸುವವರು ಯಾರು? ಆಗಲೂ ಕೆಲವು ಗಂಡಸರು ಬಾಯಿ ತೆರೆದಿದ್ದರು. ಮಲತಂದೆ ಡಾ. ಸಖಾರಾಮ್ ಅರ್ಜುನ್ ಆಕೆಯ ಬೆನ್ನಿಗೆ ನಿಂತರು. ಪಾರ್ಸಿ ಪತ್ರಕರ್ತ ಬೆಹ್ರಾಮ್‌ಜಿ ಮಲಬಾರಿ 1884ರಿಂದಲೇ ಬಾಲ್ಯವಿವಾಹದ ವಿರುದ್ಧ ಬರೆಯುತ್ತಿದ್ದರು. 1891ರಲ್ಲಿ ಸಮ್ಮತಿ ವಯಸ್ಸಿನ ಕಾಯ್ದೆ ಬಂದು, ಹತ್ತು ಇದ್ದದ್ದು ಹನ್ನೆರಡಾಯಿತು. ಅಷ್ಟಕ್ಕೇ ಎಷ್ಟು ಗಲಾಟೆ! ನಮ್ಮ ಮನೆಯೊಳಗೆ ಸರಕಾರ ಬರಬಾರದು ಎಂದು ತಿಲಕರಂಥವರೇ ವಿರೋಧಿಸಿದರು. ‘ಮನೆಯ ಮಾತು’ ಎಂಬ ಆ ಗೋಡೆ ಹಾಗೆಯೇ ನಿಂತಿತು.

ಅದರಲ್ಲಿ ಬಿರುಕು ಮೂಡಿಸಿದವರು ಹೆಂಗಸರು, ಇದನ್ನು ಮರೆಯಬಾರದು. 1980ರಲ್ಲಿ ಮಥುರಾ ಪ್ರಕರಣದ ತೀರ್ಪಿನ ವಿರುದ್ಧ ಮುಂಬಯಿಯಲ್ಲಿ ಮಹಿಳೆಯರು ಬೀದಿಗಿಳಿದರು. ಮಂಗಳೂರಿನ ಕದ್ರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ಮುಂಬಯಿಯ ಸಂಸಾರದಲ್ಲಿ ತಾವು ಪಟ್ಟ ಪಾಡನ್ನು ಪುಸ್ತಕವಾಗಿ ಬರೆದರು, ಆಮೇಲೆ ವಕೀಲರಾಗಿ ಅಂಥ ನೂರಾರು ಹೆಂಗಸರ ಜೊತೆ ನಿಂತರು. 1983ರಲ್ಲಿ ದಂಡ ಸಂಹಿತೆಗೆ 498ಎ ಕಲಮು ಸೇರಿತು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯ ಅಪರಾಧವಾಯಿತು. ಮಾನಸಿಕ ಕ್ರೌರ್ಯವೂ ಅದರಲ್ಲಿತ್ತು.

ಆದರೆ ಇಷ್ಟೂ ಮಾತು ಹೆಂಗಸರು ಹೆಂಗಸರಿಗಾಗಿ ಆಡಿದ್ದು. ಹೊಡೆಯುವವನು ಗಂಡಸಾದರೆ ಗಂಡಸಿನ ಹತ್ತಿರ ಮಾತಾಡುವವರು ಯಾರು? ಗೋಪಿನಾಥರ ಜಾಹೀರಾತು ಕೇಳಿದ್ದು ಇದನ್ನೇ. ಉತ್ತರ ಬರೆದವರಲ್ಲಿ ಒಬ್ಬರು ಹರೀಶ್ ಸದಾನಿ ಎಂಬ ಯುವಕ. 1993ರಲ್ಲಿ ‘ಮೆನ್ ಅಗೆನ್ಸ್ಟ್ ವಯಲೆನ್ಸ್ ಅಂಡ್ ಅಬ್ಯೂಸ್’ ಎಂಬ ಸಂಘಟನೆ ಹುಟ್ಟಿತು. ಚಿಕ್ಕದಾಗಿ ‘ಮಾವಾ’. ನಮ್ಮ ಕನ್ನಡದ ಕಿವಿಗೆ ಅದು ಹೆಣ್ಣು ಕೊಟ್ಟ ಮಾವನ ಹಾಗೆ ಕೇಳಿಸುತ್ತದೆ. ಅದೂ ಸರಿಯೇ ಅನ್ನಿ, ಅಳಿಯನನ್ನು ಕೂರಿಸಿಕೊಂಡು ನಾಲ್ಕು ಮಾತು ಹೇಳುವವರು ಯಾರಾದರೂ ಬೇಕಲ್ಲ! ಮರಾಠಿಯಲ್ಲಿ ‘ಪುರುಷ ಸ್ಪಂದನ’ ಎಂಬ ದೀಪಾವಳಿ ಸಂಚಿಕೆ ತಂದರು. 2006ರಿಂದ ‘ಯುವಾ ಮೈತ್ರಿ’ ಎಂದು ಕಾಲೇಜು ಹುಡುಗರ ನಡುವೆ ಕೆಲಸ ಶುರು ಮಾಡಿದರು. ಮದುವೆಯಾಗಿ ಹೊಡೆಯಲು ಕಲಿತ ಮೇಲೆ ಬುದ್ಧಿ ಹೇಳುವುದಕ್ಕಿಂತ ಹುಡುಗನಾಗಿರುವಾಗಲೇ ಮಾತಾಡಿಸುವುದು ಮೇಲು ಎಂಬ ಲೆಕ್ಕಾಚಾರ.

ಅದೇ 1991ರಲ್ಲಿ ಕೆನಡಾದಲ್ಲೂ ಕೆಲವು ಗಂಡಸರು ಬಿಳಿ ರಿಬ್ಬನ್ ಚಳವಳಿ ಶುರು ಮಾಡಿದ್ದರು. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬ ಗುಂಡು ಹಾರಿಸಿ 14 ಹೆಂಗಸರನ್ನು ಕೊಂದಿದ್ದ. ಹೆಂಗಸರ ಮೇಲೆ ಕೈ ಮಾಡುವುದಿಲ್ಲ, ಮಾಡುವುದನ್ನು ನೋಡಿಕೊಂಡು ಸುಮ್ಮನಿರುವುದೂ ಇಲ್ಲ ಎಂಬುದರ ಗುರುತು ಆ ರಿಬ್ಬನ್. ನಮ್ಮಂಥವರಿಗೆ ಕಷ್ಟವಾಗುವುದು ಆ ಎರಡನೆಯ ಮಾತೇ.

2008ರಲ್ಲಿ ಟೀವಿಯಲ್ಲಿ ‘ಬೆಲ್ ಬಜಾವೋ’ ಜಾಹೀರಾತು ಬರುತ್ತಿದ್ದದ್ದು ನಿಮಗೂ ನೆನಪಿರಬಹುದು. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು. ಒಬ್ಬಾತ ಎದ್ದು ಹೋಗಿ ಬೆಲ್ ಒತ್ತುತ್ತಾನೆ, ಒಂದು ಲೋಟ ಹಾಲು ಕೇಳುತ್ತಾನೆ. ಇನ್ನೊಂದರಲ್ಲಿ ಆಡುವ ಹುಡುಗರು ಹೋಗಿ ಚೆಂಡು ಕೇಳುತ್ತಾರೆ. ಭಾಷಣವಿಲ್ಲ, ಜಗಳವಿಲ್ಲ. ‘ನಮಗೆ ಕೇಳಿಸುತ್ತಿದೆ’ ಎಂದು ತಿಳಿಸುವುದು, ಅಷ್ಟೇ.

ಆದರೆ ಸದ್ದೇ ಇಲ್ಲದಿದ್ದರೆ?

ಎಂಬತ್ತರ ದಶಕದ ಕೊನೆಯಲ್ಲಿ ಡೊಂಬಿವಲಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರು ನಮ್ಮ ಕಡೆಯವರೇ. ಆತ ಒಂದು ದಿನವೂ ದನಿ ಏರಿಸಿದವನಲ್ಲ. ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅವಳ ಲೋಕಲ್ ಬರುವ ಹೊತ್ತಿಗೆ ಇವನು ಸ್ಟೇಷನ್ನಿನಲ್ಲಿ ಹಾಜರು. ‘ಎಷ್ಟು ಕಾಳಜಿ ನೋಡಿ’ ಎಂದು ಚಾಳಿಗೆ ಚಾಳೇ ಹೊಗಳುತ್ತಿತ್ತು. ಒಂದು ಗಾಡಿ ತಪ್ಪಿ ಮುಂದಿನದರಲ್ಲಿ ಬಂದರೆ ಮೂರು ದಿನ ಮಾತಿಲ್ಲ ಎಂಬುದು ನನ್ನಾಕೆಗೆ ಮಾತ್ರ ಗೊತ್ತಿತ್ತು. ಸಂಬಳದ ಲಕೋಟೆ ಒಡೆಯದೆ ಅವನ ಕೈಗೆ ಕೊಡಬೇಕು. ತವರಿಗೆ ಬರೆದ ಕಾಗದವನ್ನು ಮೊದಲು ಅವನು ಓದಬೇಕು. ‘ಅವಳಿಗೆ ಉಸಿರು ಕಟ್ತಿದೆ ರೀ, ನೀವಾದ್ರೂ ಅವರ ಹತ್ರ ಮಾತಾಡಿ’ ಅಂದಳು ನನ್ನಾಕೆ. ನಾನು ಗಾದೆ ಹೇಳಿದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಜಗಳವೇ ಇಲ್ಲದ ಮನೆಗೆ ಜಗಳದ ಗಾದೆ!

ಇದಕ್ಕೊಂದು ಹೆಸರಿದೆ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರ ತಮ್ಮ ಪುಸ್ತಕದಲ್ಲಿ ಇದನ್ನು ‘ಕೋಅರ್ಸಿವ್ ಕಂಟ್ರೋಲ್’ ಎಂದರು. ದುಡ್ಡು, ಓಡಾಟ, ಸ್ನೇಹ, ನಿದ್ದೆ, ಉಡುಪು ಎಲ್ಲದರ ಮೇಲೂ ಒಬ್ಬರು ಹಿಡಿತ ಸಾಧಿಸುವುದು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಏನೂ ಅನ್ನಿಸುವುದಿಲ್ಲ, ಎಲ್ಲ ಸೇರಿದಾಗ ಜೈಲು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಡಿಸೆಂಬರಿನಿಂದ ಇದು ಅಪರಾಧ, ಐದು ವರ್ಷದವರೆಗೆ ಶಿಕ್ಷೆ. ಅಲ್ಲಿ ಗಂಡಾಗಲಿ ಹೆಣ್ಣಾಗಲಿ ದೂರು ಕೊಡಬಹುದು.

ಆ ಕಾನೂನು ಬಂದ ಮರುವರ್ಷವೇ, 2016ರ ಜುಲೈ 19ರಂದು, ಲಿಂಕನ್‌ಶೈರಿನ ಸ್ಪಾಲ್ಡಿಂಗ್ ಎಂಬ ಊರಿನಲ್ಲಿ ಲ್ಯಾನ್ಸ್ ಹಾರ್ಟ್ ಎಂಬವನು ಹೆಂಡತಿ ಕ್ಲೇರ್ ಮತ್ತು 19 ವರ್ಷದ ಮಗಳು ಷಾರ್ಲೆಟ್‌ರನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಮಕ್ಕಳಾದ ಲ್ಯೂಕ್ ಮತ್ತು ರಾಯನ್ ಕೆಲವೇ ದಿನಗಳ ಹಿಂದೆ ತಾಯಿ ತಂಗಿಯರನ್ನು ಆ ಮನೆಯಿಂದ ಬೇರೆಡೆಗೆ ಕರೆತಂದಿದ್ದರು. ಸತ್ತ ಅಪ್ಪ ಒಳ್ಳೆಯವನಾಗಿದ್ದ ಎಂದೂ ಪೇಪರುಗಳಲ್ಲಿ ಬಂತು. ಅಂದಿನಿಂದ ಆ ಅಣ್ಣತಮ್ಮಂದಿರು ಊರೂರು ತಿರುಗಿ ಮಾತಾಡುತ್ತಿದ್ದಾರೆ, ಪುಸ್ತಕ ಬರೆದಿದ್ದಾರೆ. ಅವರು ಹೇಳುವುದು ಇಷ್ಟು: ಅಪ್ಪ ಹೊಡೆಯುತ್ತಿರಲಿಲ್ಲ, ಆದ್ದರಿಂದ ಇದು ದೌರ್ಜನ್ಯ ಎಂದು ನಮಗೇ ಗೊತ್ತಾಗಲಿಲ್ಲ. ಒಳಗಿದ್ದ ಮಕ್ಕಳಿಗೇ ಗೊತ್ತಾಗದ್ದು ಗೋಡೆಯಾಚೆಯ ನನಗೆ ಗೊತ್ತಾಗುತ್ತಿತ್ತೇ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನನಗೆ ಒಬ್ಬಳು ಬಾಯಿಬಿಟ್ಟು ಹೇಳಿದ್ದಳು.

ನಮ್ಮಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ದೈಹಿಕ, ಲೈಂಗಿಕ ಹಿಂಸೆಯ ಜೊತೆಗೆ ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯೂ ಅದರ ವ್ಯಾಖ್ಯೆಯಲ್ಲಿದೆ. ಮಗುವಾಗಲಿಲ್ಲ ಎಂದು ಹಂಗಿಸುವುದು, ಖರ್ಚಿಗೆ ಕೊಡದಿರುವುದು, ಸ್ತ್ರೀಧನ ಮಾರಿಹಾಕುವುದು ಎಲ್ಲವೂ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ದೇಶದಲ್ಲಿ ಶೇಕಡಾ 29.3, ಮಹಾರಾಷ್ಟ್ರದಲ್ಲಿ 25.2. ಕರ್ನಾಟಕದಲ್ಲಿ? ಶೇಕಡಾ 44.4. ರಾಜ್ಯಗಳಲ್ಲೆಲ್ಲ ಮೊದಲ ಸ್ಥಾನ. ನಮ್ಮವರು ಶಾಂತಿಪ್ರಿಯರು ಎಂದು ಕನ್ನಡ ಸಂಘದ ವೇದಿಕೆಯಲ್ಲಿ ಹೇಳುವಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ.

ಆ ಪಕ್ಕದ ಖೋಲಿಯಾಕೆ ಒಂದು ದಿನ ಊರಿಗೆ ಹೋದವಳು ವಾಪಸು ಬರಲಿಲ್ಲ. ಆಮೇಲೆ ನಾವೂ ಮನೆ ಬದಲಿಸಿದೆವು. ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಮೊನ್ನೆ ನನ್ನಾಕೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನನ್ನ ಪಾಸ್‌ಬುಕ್ಕೂ ಹತ್ತು ವರ್ಷ ನಿಮ್ಮ ಹತ್ರಾನೇ ಇತ್ತಲ್ಲ. ಅಮ್ಮನಿಗೆ ಇನ್ನೂರು ರೂಪಾಯಿ ಕಳಿಸ್ತೀನಿ ಅಂದ್ರೆ ಯಾಕೆ ಅಷ್ಟು ಅಂತ ಕೇಳ್ತಿದ್ರಿ’ ಅಂದಳು.

ನಾನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. 1991ರ ಆ ಜಾಹೀರಾತಿಗೆ ಇಷ್ಟು ವರ್ಷ ತಡವಾಗಿ ನಾನು ಬರೆಯುತ್ತಿರುವ ಉತ್ತರ ಇದು. ಅದನ್ನೂ ಸೇರಿಸಿಯೇ ಬರೆಯಬೇಕು ಅನ್ನಿಸಿತು.